ಬಸಿದ ನೀರಿನ ವ್ಯಾಜ್ಯ

ನಾನು ಯಾರಿಗೂ ಸೊಪ್ಪು ಹಾಕುವವನಲ್ಲ ಎಂದು ನಮ್ಮ ಬಡಾವಣೆಯಲ್ಲಿ ಹೆಸರಾಗಿದೆ. ಕೆಲಸದಲ್ಲಿದ್ದಾಗ ಮ್ಯಾನೇಜರಿಗೆ ಹಾಕಲಿಲ್ಲ, ನಿವೃತ್ತನಾದ ಮೇಲೆ ನಿವಾಸಿಗಳ ಸಂಘದ ಅಧ್ಯಕ್ಷರಿಗೂ ಹಾಕಲಿಲ್ಲ. ಮನೆಯೊಳಗೆ ಮಾತ್ರ ಸೊಪ್ಪನ್ನು ಯಾವ ಪಾತ್ರೆಗೆ ಹಾಕಬೇಕು, ಯಾವಾಗ ಹಾಕಬೇಕು, ಹಾಕಿದ ಮೇಲೆ ಮುಚ್ಚಳ ಮುಚ್ಚಬೇಕೋ ಬೇಡವೋ ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸುತ್ತಾರೆ. ಆ ಬೇರೆಯವರು ಉಡುಪಿ ಕಡೆಯವರು. ನಾನು ಮಂಡ್ಯ ಸೀಮೆಯವನು. ಮೈಸೂರಿನಲ್ಲಿ ಸಂಸಾರ ಹೂಡಿ 31 ವರ್ಷವಾಯಿತು. ಇಷ್ಟು ವರ್ಷ ಜಗಳವೆಂದು ಆಗಿದ್ದರೆ ಅದು ಸೊಪ್ಪಿಗೆ, ಇಲ್ಲವೇ ಗೆಡ್ಡೆಗೆ. ಉಳಿದ ವಿಷಯಗಳಲ್ಲಿ ನಮ್ಮದು ಅನ್ಯೋನ್ಯ ದಾಂಪತ್ಯ. ಅಂದರೆ, ಆ ವಿಷಯಗಳನ್ನು ನಾವು ಎತ್ತುವುದೇ ಇಲ್ಲ.

ಮೊದಲ ಮೊಕದ್ದಮೆ ದಾಖಲಾದದ್ದು ಮದುವೆಯಾದ ಮೊದಲ ವಾರ. ನಮ್ಮವ್ವ ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ, ಪಾತ್ರೆ ಬಗ್ಗಿಸಿ ನೀರು ಬಸಿದಿಟ್ಟು ಹಿತ್ತಿಲಿಗೆ ಹೋಗಿದ್ದಳು. ಹೊಸ ಸೊಸೆಗೆ ಒಳ್ಳೆಯ ಹೆಸರು ತೆಗೆದುಕೊಳ್ಳುವ ಉಮೇದು. ಅತ್ತೆಗೆ ನೆರವಾಗಲಿ ಎಂದು ಆ ನೀರನ್ನು ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದು, ಪಾತ್ರೆ ಬೆಳಗಿ ಬೋರಲು ಹಾಕಿದಳು. ಅವ್ವ ವಾಪಸ್ಸು ಬಂದು ಪಾತ್ರೆ ನೋಡಿದಳು, ಸೊಸೆಯನ್ನು ನೋಡಿದಳು, ಕೊನೆಗೆ ಇದನ್ನೆಲ್ಲ ನಾನೇ ಹೇಳಿ ಮಾಡಿಸಿದೆನೇನೋ ಎಂಬಂತೆ ನನ್ನನ್ನು ನೋಡಿದಳು.

“ಅಯ್ಯೋ, ಸಾರೆಲ್ಲ ಚೆಲ್ಲಿಬುಟ್ಟಲ್ಲವ್ವಾ!”

“ಸಾರು ಎಲ್ಲಿತ್ತು ಅತ್ತೆ? ಅದು ನೀರಲ್ವಾ?”

ಇವತ್ತಿಗೂ ಆ ಕೇಸು ಇತ್ಯರ್ಥವಾಗಿಲ್ಲ. ನಮ್ಮ ಸೀಮೆಯಲ್ಲಿ ಆ ನೀರೇ ಅಡುಗೆ. ಬಸಿದ ಸಾರಾದ್ದರಿಂದಲೇ ಅದು ಬಸ್ಸಾರು. ಬೆಂದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣು, ಜೊತೆಗೆ ಅದೇ ಸೊಪ್ಪುಕಾಳು ಒಂದು ಹಿಡಿ ಸೇರಿಸಿ ರುಬ್ಬಿ, ಬಸಿದ ನೀರಿಗೆ ಕಲಸಿ ಕುದಿಸಿದರೆ ಸಾರಾಯಿತು. ಒಂದೇ ಪಾತ್ರೆಯಿಂದ ಎರಡು ಅಡುಗೆ. ಮುದ್ದೆ ಮುರಿದು ಅದರಲ್ಲಿ ಅದ್ದಿ ನುಂಗಿದವನಿಗೆ ಮೋಕ್ಷದ ಬಗ್ಗೆ ವಿಶೇಷ ಕುತೂಹಲ ಉಳಿಯುವುದಿಲ್ಲ. ರುಬ್ಬುವುದಕ್ಕೂ ಸೋಮಾರಿತನವಾದ ದಿನ ಉಪ್ಪುಸಾರು: ಬಸಿದ ನೀರಿಗೆ ಬರೀ ಉಪ್ಪು, ತಟ್ಟೆಯ ಅಂಚಿಗೆ ಬೆಳ್ಳುಳ್ಳಿ-ಮೆಣಸಿನಕಾಯಿಯ ಖಾರ. ಅದನ್ನು ಮೊದಲ ಸಲ ಬಡಿಸಿದಾಗ ನನ್ನ ಹೆಂಡತಿ ತಟ್ಟೆಯನ್ನು ಎರಡೂ ಕಡೆ ಓರೆ ಮಾಡಿ ನೋಡಿ, “ಎಂತ ಮಾರಾಯ್ರೆ, ಕೈ ತೊಳೆಯುವ ನೀರು ಊಟಕ್ಕೆ ಮುಂಚೆಯೇ ಕೊಡುವುದಾ ನಿಮ್ಮಲ್ಲಿ?” ಎಂದು ಕೇಳಿದಳು.

ಅವಳ ಕಡೆಯವರ ದೊಡ್ಡಸ್ತಿಕೆ ಬಸಳೆಯದು. ಬಚ್ಚಲ ನೀರು ಹರಿಯುವ ಕಡೆ ಚಪ್ಪರ ಹಾಕಿ ಬಳ್ಳಿ ಹಬ್ಬಿಸಿ, ಅದರ ದಂಟನ್ನು ಬೆರಳುದ್ದ ಕತ್ತರಿಸಿ ಹಲಸಿನ ಬೀಜದ ಜೊತೆ ಹುಳಿ ಮಾಡುತ್ತಾರೆ. ಸೀಗಡಿ ತಿನ್ನುವ ಮನೆಗಳಲ್ಲಿ ಸೀಗಡಿಗೂ ಸೇರಿಸುತ್ತಾರೆ. ಬೆಂದರೆ ಲೋಳೆ. ನಾನು ಅದನ್ನು ಲೋಳೆ ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಅದು ‘ನುಣುಪು’ ಅಂತೆ. ಆಟಿ ತಿಂಗಳು ಬಂತೆಂದರೆ ಮಳೆಯಲ್ಲಿ ತಾನಾಗಿ ಹುಟ್ಟಿದ ಚಗತೆ ಸೊಪ್ಪನ್ನೂ ಬಿಡುವುದಿಲ್ಲ, ಕೆಸುವಿನ ಎಲೆಯನ್ನೂ ಬಿಡುವುದಿಲ್ಲ. ಅಕ್ಕಿ, ಹುಣಸೆಹುಳಿ, ಬೆಲ್ಲ, ಖಾರ ರುಬ್ಬಿ ಎಲೆಗೆ ಬಳಿದು, ಎಲೆಯ ಮೇಲೆ ಎಲೆ ಪೇರಿಸಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಇಲ್ಲಿ ನಾನು ಕತ್ತಿ ಕೆಳಗಿಡುತ್ತೇನೆ. ಪತ್ರೊಡೆಯ ವಿರುದ್ಧ ವಾದ ಮಾಡುವ ನಾಲಿಗೆ ಮಂಡ್ಯದಲ್ಲೂ ಹುಟ್ಟಿಲ್ಲ. ಇದನ್ನು ಅವಳ ಮುಂದೆ ಒಪ್ಪಿಕೊಂಡಿಲ್ಲ, ಅಷ್ಟೆ.

ಮುಚ್ಚಳದ ವಿಷಯದಲ್ಲೂ ಸೋತವನು ನಾನೇ. ಗ್ಯಾಸ್ ಉಳಿಸುವ ದೇಶಸೇವೆಯೆಂದು ಪಾಲಕ್ ಬೇಯುವ ಪಾತ್ರೆಗೆ ತಟ್ಟೆ ಮುಚ್ಚಿ, ಹುಣಸೆರಸವನ್ನೂ ಮೊದಲೇ ಸುರಿದಿದ್ದೆ. ತೆಗೆದು ನೋಡಿದರೆ ಮಿಲಿಟರಿ ಸಮವಸ್ತ್ರದ ಬಣ್ಣ. ಹೆಂಡತಿ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದಾಗಲೇ ನನಗೆ ಓದುವ ಆಸಕ್ತಿ ಹುಟ್ಟುವುದು. ಓದಿದೆ. ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಮೆಗ್ನೀಷಿಯಂ ಕೂತಿರುತ್ತದೆ, ಹುಳಿ ತಾಕಿದರೆ ಅದು ಜಾಗ ಖಾಲಿ ಮಾಡುತ್ತದೆ, ಹಸಿರು ಹೋಗಿ ಮಂಕಾಗುತ್ತದೆ. ಸೊಪ್ಪಿನೊಳಗೇ ಹುಳಿಯ ಅಂಶವಿದ್ದು, ಬೇಯುವಾಗ ಅದರಲ್ಲಿ ಒಂದಿಷ್ಟು ಹಬೆಯ ಜೊತೆ ಹೊರಬೀಳುತ್ತದೆ. ಮುಚ್ಚಳವಿದ್ದರೆ ಅದೇ ತೊಟ್ಟಿಕ್ಕಿ ವಾಪಸ್ಸು ಬೀಳುತ್ತದೆ. ‘ತೆರೆದು ಬೇಯಿಸು, ಹುಳಿ ಕೊನೆಗೆ ಹಾಕು’ ಎಂದು ನಮ್ಮವ್ವನೂ ಅನ್ನುತ್ತಿದ್ದಳು, ನಮ್ಮತ್ತೆಯೂ ಅನ್ನುತ್ತಿದ್ದರು. ಒಬ್ಬರನ್ನೊಬ್ಬರು ಮೂರೇ ಸಲ ಭೇಟಿಯಾಗಿದ್ದ ಇಬ್ಬರು ಹೆಂಗಸರು ನನ್ನ ವಿರುದ್ಧ ಒಂದೇ ಸಾಕ್ಷ್ಯ ನುಡಿದದ್ದು ಹೇಗೆ ಎಂದು ಆಗ ತಿಳಿಯಿತು.

ಹೋಗಲಿ, ಪ್ರಮಾಣದ ಮೋಸವಾದರೂ ಎಂಥದು! ಹೊತ್ತು ತಂದದ್ದು ಎಂಟು ಕಂತೆ, ಬೇರು ಕತ್ತರಿಸಿ ಹುಳುಕು ಹಣ್ಣೆಲೆ ಆರಿಸಿದ ಮೇಲೆ ಐದು ಕಂತೆ, ಬೆಂದಾಗ ಒಂದು ಮುಷ್ಟಿ. ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುವ ಪದಾರ್ಥದಿಂದ ಇನ್ನೇನು ನಿರೀಕ್ಷಿಸಲಿಕ್ಕಾಗುತ್ತದೆ? ಅದನ್ನು ಬಿಡಿಸಲು ಹಿಡಿದ ಮುಕ್ಕಾಲು ಗಂಟೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೀವಿಯಲ್ಲಿ ನಾರಿನಂಶದ ಬಗ್ಗೆ ಉಪದೇಶ ಮಾಡುವ ಗಂಡಸರನ್ನೆಲ್ಲ ಒಂದು ಮೊರ ಮೆಂತ್ಯ ಸೊಪ್ಪಿನ ಮುಂದೆ ಕೂರಿಸಬೇಕೆಂಬುದು ನನ್ನ ಬಹುದಿನದ ಆಸೆ. ನನ್ನನ್ನು ಕೂರಿಸಿಯಾಗಿದೆ.

ಮಗಳನ್ನು ಧಾರವಾಡದ ಕಡೆ ಕೊಟ್ಟ ಮೇಲೆ ವ್ಯಾಜ್ಯಕ್ಕೆ ಮೂರನೆಯ ಕಕ್ಷಿ ಸೇರಿತು. ಬೀಗರು ಮೈಸೂರಿಗೆ ಬಂದಿದ್ದಾಗ ಬೀಗಿತ್ತಿಯವರು, “ಮಾರ್ಕೆಟ್ಟಿಗೆ ಹೊಂಟೀರೇನ್ರೀ? ಹಂಗ ಬರೂ ಮುಂದ ನಾಕು ಸಿವುಡು ಪಲ್ಯ ತೊಗೊಂಡು ಬರ್ರಿ” ಎಂದರು. ಸಿವುಡು ಎಂದರೆ ಏನೆಂದು ಕೇಳಿದರೆ ಮರ್ಯಾದೆ ಹೋಗುತ್ತದೆ. ಪೊಟ್ಟಣ ಇರಬೇಕು ಎಂದುಕೊಂಡು ಮೆಸ್ಸಿಗೆ ಹೋಗಿ ನಾಲ್ಕು ಪೊಟ್ಟಣ ಬೀನ್ಸ್ ಪಲ್ಯ ಕಟ್ಟಿಸಿಕೊಂಡು ಬಂದೆ. ಅವರಲ್ಲಿ ಕಂತೆ ಕಟ್ಟಿದ ಹಸಿ ಸೊಪ್ಪೂ ಪಲ್ಯವೇ ಎಂಬುದು ಮಗಳು ನಕ್ಕು ಮುಗಿಸಿದ ಮೇಲೆ ಗೊತ್ತಾಯಿತು. ಪುಂಡಿಪಲ್ಯದ ಹುಳಿಗೆ ಜೋಳದ ನುಚ್ಚು ಹಾಕಿ ಕುದಿಸುವವರು ಅವರು. ಊಟಕ್ಕೆ ಕೂತಾಗ ರೊಟ್ಟಿಯ ಪಕ್ಕ ಹಸಿ ಮೆಂತ್ಯ, ಹಕ್ಕರಕಿ, ಎಳೆ ಮೂಲಂಗಿ, ಗಜ್ಜರಿ ಇಟ್ಟುಕೊಂಡು ಕರಕರ ಜಗಿಯುತ್ತಾರೆ. ನಾನು ಹೆಮ್ಮೆಯಿಂದ ಬಸ್ಸಾರು ಬಡಿಸಿದೆ. ಬೀಗರು ಒಂದು ತುತ್ತು ಉಂಡು, ಬಹಳ ವಿನಯದಿಂದ, “ಛಲೋ ಐತ್ರಿ. ಆದ್ರ ಇಷ್ಟು ಛಂದ ಪಲ್ಯ ಹಸೇದ ತಿನ್ನೂದು ಬಿಟ್ಟು ಕುದಿಸಿ ನೀರು ಯಾಕ ಕುಡಿತೀರಿ ಅಂತೇನಿ” ಎಂದರು. ಅಡುಗೆಮನೆಯಿಂದ ಚಪ್ಪಾಳೆಯಂಥ ಸದ್ದು ಕೇಳಿಸಿತು. ರೊಟ್ಟಿ ತಟ್ಟುತ್ತಿದ್ದೆ ಎಂದು ಹೆಂಡತಿ ಆಮೇಲೆ ಹೇಳಿದಳು. ಅವಳಿಗೆ ರೊಟ್ಟಿ ತಟ್ಟಲು ಬರುವುದಿಲ್ಲ.

ಮಾತು ಗೆಡ್ಡೆಗೆ ಬಂದರೆ ಹೆಸರಿನಿಂದಲೇ ಗೋಜಲು. ನಾನು ಆಲೂಗೆಡ್ಡೆ ಎನ್ನುತ್ತೇನೆ, ಅವಳು ಬಟಾಟೆ ಎನ್ನುತ್ತಾಳೆ. ಅದೋ, ಬೇರೇ ಅಲ್ಲ, ಮಣ್ಣಿನೊಳಗೆ ಉಬ್ಬಿದ ಕಾಂಡ. ಬೀಗರ ಉಳ್ಳಾಗಡ್ಡಿ ಹೆಸರಿಗೆ ಗಡ್ಡಿಯಾದರೂ ಬಿಡಿಸುತ್ತಾ ಹೋದರೆ ಬರೀ ಎಲೆಯ ಬುಡಗಳು. ಲೆಕ್ಕಪ್ರಕಾರ ಅದು ಸೊಪ್ಪಿನ ಪಂಗಡಕ್ಕೆ ಹೋಗಬೇಕು. ದಂಟು, ಪಾಲಕ್, ಬೀಟ್‌ರೂಟ್ ಮೂರನ್ನೂ ಸಸ್ಯಶಾಸ್ತ್ರದವರು ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ಹಾಗಿದ್ದರೂ ತರಕಾರಿಯವನು ಬೀಟ್‌ರೂಟಿನ ಎಲೆಯನ್ನು ತಿರುಚಿ ಹಸುವಿನ ಮುಂದೆ ಎಸೆಯುತ್ತಾನೆ. “ಮೂಲಂಗಿ ಸೊಪ್ಪು ಕಿತ್ತಾಕ್ಲಾ ಸಾ?” ಎಂದು ಕೇಳುವುದು ಅವನ ಸೌಜನ್ಯ, ಕೇಳುವಷ್ಟರಲ್ಲಿ ಕಿತ್ತಿರುತ್ತಾನೆ. ಕಡಲೆಬೇಳೆ ಹಾಕಿ ಮೂಲಂಗಿ ಸೊಪ್ಪಿನ ಪಲ್ಯ ಮಾಡಿ ತಿಂದವರು ಯಾರೂ ಅವನಿಗೆ ಒಪ್ಪಿಗೆ ಕೊಡಲಾರರು, ಕೊಟ್ಟರೆ ಹಸು ಕೊಟ್ಟೀತು.

ಸಂಕ್ರಾಂತಿಯ ಗೆಣಸಿನದು ಇನ್ನೊಂದು ರಗಳೆ. ಕುಕ್ಕರಿನಲ್ಲಿ ಮೂರು ಸೀಟಿ ಹೊಡೆಸಿ, ಸಪ್ಪೆ ಎಂದು ಮಾರಿದವನನ್ನು ಬೈಯುತ್ತಿದ್ದೆ. ಗೆಣಸು 60ರಿಂದ 75 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಇದ್ದರೆ ಅದರೊಳಗಿನ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಕುಕ್ಕರು ಆ ಮೆಟ್ಟಿಲನ್ನು ಹಾರಿ ಓಡಿಬಿಡುತ್ತದೆ. ನಮ್ಮವ್ವ ಒಲೆಯ ಬಿಸಿಬೂದಿಯಲ್ಲಿ ಹೂತಿಟ್ಟು ಮರೆತುಬಿಡುತ್ತಿದ್ದಳಲ್ಲ, ಮರೆಯುವುದೇ ಅದರ ಪಾಕವಿಧಾನ. ‘ಏನು ಗೆಣಸು ಕೆತ್ತುತ್ತಾ ಕೂತಿದ್ದೀಯ’ ಎಂದು ನನ್ನನ್ನು ಜೀವಮಾನವಿಡೀ ಬೈದವರಿಗೆ, ಗೆಣಸಿಗೆ ಬೇಕಾದದ್ದೇ ಅಂಥ ನಿಧಾನಸ್ಥರು ಎಂದು ಉತ್ತರಿಸಬಹುದಿತ್ತು. ಹೊಳೆಯುವ ಹೊತ್ತಿಗೆ ಅವರೆಲ್ಲ ತೀರಿಕೊಂಡರು.

ಕೊನೆಯದು ಸುವರ್ಣಗೆಡ್ಡೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಗೆಡ್ಡೆಗೆಣಸಿನ ಮೇಳ ನಡೆದಾಗ ಹೋಗಿದ್ದೆ. ಅಲ್ಲಿ ಇಟ್ಟಿದ್ದ ಬಗೆಬಗೆಯ ಗೆಡ್ಡೆ ನೋಡಿ ತಲೆ ಕೆಟ್ಟು, ಹಸುಗೂಸಿನ ಗಾತ್ರದ ಎರಡು ಸುವರ್ಣಗೆಡ್ಡೆ ಹೊತ್ತು ತಂದೆ. ಮೊದಲನೆಯದನ್ನು ಚೆನ್ನಾಗಿ ತೊಳೆದು ಒದ್ದೆಕೈಯಲ್ಲೇ ಹೆಚ್ಚಿದೆ. ಅದರೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಮೊಣಕೈವರೆಗೆ ಕೆರೆದುಕೊಳ್ಳುತ್ತಾ ಕುಣಿದೆ. “ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು ಅಂತ ಕೇಳಲಿಕ್ಕೆ ಎಂತ ಆಗಿತ್ತು ನಿಮಗೆ?” ಎಂದಳು ಹೆಂಡತಿ, ಹುಣಸೆಹಣ್ಣು ಕಿವುಚಿ ಕೈಗೆ ಬಳಿಯುತ್ತಾ. ಎರಡನೆಯ ಗೆಡ್ಡೆಯನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಮೂಲೆಯಲ್ಲೇ ಮೊಳಕೆ ಕಣ್ಣು ಬಿಟ್ಟಿತು. ಅವಳು ತಾರಸಿಯ ಮೇಲೆ ಹಳೆಯ ಪೇಂಟ್ ಬಕೆಟ್ಟಿನಲ್ಲಿ ಅದನ್ನು ಹೂತಳು. ಆ ವರ್ಷ ಕೊಡೆಯಂಥ ಎಲೆ ಬಂತು, ಒಣಗಿತು, ನಾವು ಮರೆತೆವು.

ಈ ಸಲ ಮೊದಲ ಮಳೆ ಬಿದ್ದ ಮೇಲೆ ಎಲೆಯ ಬದಲು ನೇರಳೆಗೆಂಪಿನ ದಪ್ಪ ಹೂವೊಂದು ಮಣ್ಣು ಸೀಳಿಕೊಂಡು ಎದ್ದಿತು. ಕೊಳೆತ ಮಾಂಸದ ವಾಸನೆ ಬಿಟ್ಟು ನೊಣ, ದುಂಬಿಗಳನ್ನು ಕರೆಯುವುದು ಆ ಹೂವಿನ ಜಾಯಮಾನ. ಬೀದಿಯೆಲ್ಲ ಗಬ್ಬೆಂದಿತು. ಸಂಜೆ ಪಕ್ಕದ ಮನೆಯವರು ಮೂಗಿಗೆ ಟವೆಲು ಹಿಡಿದುಕೊಂಡು ಗೇಟಿನ ಹತ್ತಿರ ನಿಂತರು. ನೇರವಾಗಿ ಕೇಳಲು ಸಂಕೋಚ.

“ಏನ್ ಮೇಡಂ, ಇವತ್ತು ಏನೋ ವಿಶೇಷ ಅಡುಗೆ ಮಾಡಿರೋ ಹಾಗಿದೆ?”

ನಾನು ತಾರಸಿಯ ಕಡೆ ಕೈ ತೋರಿಸಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿಯಾಗಿತ್ತು:

“ಹೌದು, ಇವರ ಕಡೆಯ ಬಸ್ಸಾರು.”