ಲೇಖಕ ಶಬ್ದದ ವಿಭಕ್ತಿ ಪ್ರಕರಣ

ಕೇಶಿರಾಜನು 13ನೇ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿದಾಗ ಪುಸ್ತಕ ಬಿಡುಗಡೆ ಸಮಾರಂಭಗಳು ಇರಲಿಲ್ಲ. ಹೀಗಾಗಿ 'ಲೇಖಕ' ಎಂಬ ನಾಮಪ್ರಕೃತಿಯು ಪುಸ್ತಕ ಅಚ್ಚಾದ ಮೇಲೆ ಹೊಂದುವ ವಿಕಾರಗಳು ಶಾಸ್ತ್ರದ ಹೊರಗೇ ಉಳಿದವು. ಆ ಲೋಪವನ್ನು ತುಂಬುವುದೇ ಈ ಪ್ರಕರಣದ ಪ್ರಯೋಜನ.

ಪ್ರಥಮಾ: ಕರ್ತೃ. ಲೇಖಕನು ಬರೆಯುವಾಗ ಮಾತ್ರ ಈ ವಿಭಕ್ತಿಯಲ್ಲಿರುತ್ತಾನೆ. ಹಸ್ತಪ್ರತಿ ಮುದ್ರಣಾಲಯದ ಮೆಟ್ಟಿಲು ಹತ್ತಿದೊಡನೆ ಕರ್ತೃತ್ವಕ್ಕೆ ಲೋಪ.

ದ್ವಿತೀಯಾ: ಕರ್ಮ. ಲೇಖಕನನ್ನು ಸ್ವಾಗತಿಸುತ್ತಾರೆ, ಲೇಖಕನನ್ನು ಹೊಗಳುತ್ತಾರೆ, ಶಾಲು ಹೊದಿಸಿ ಲೇಖಕನನ್ನು ಕೂರಿಸುತ್ತಾರೆ. ಬೆಂಗಳೂರಿನಲ್ಲಿ ಈ ರೂಪವು ಭಾನುವಾರದಂದು ಬಸವನಗುಡಿಯ ವಾಡಿಯಾ ಸಭಾಂಗಣದಲ್ಲೂ ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲೂ ಕಾಣಸಿಗುತ್ತದೆ. ಅತಿಥಿಗಳು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋಕ್ಕೆ ನಿಲ್ಲುವುದು ಇದರ ಲಕ್ಷಣ. ಅವಾಂತರ ಭೇದ ಮೂರು: ಪುಸ್ತಕ ಓದಿ ಬಂದವರ ಭಾಷಣ, ಮುನ್ನುಡಿ ಓದಿ ಬಂದವರ ಭಾಷಣ, ವೇದಿಕೆಯಲ್ಲೇ ಬೆನ್ನುಡಿ ಓದಿಕೊಂಡವರ ಭಾಷಣ. ಕಡೆಯದು ನಿತ್ಯದೀರ್ಘ.

ತೃತೀಯಾ: ಕರಣ. ಬಾಡಿಗೆ, ಬ್ಯಾನರು, ಉಪ್ಪಿಟ್ಟು, ಕೇಸರಿಬಾತು, ಆಟೋದಿಂದ ಕಟ್ಟುಗಳನ್ನು ಇಳಿಸುವುದು ಎಲ್ಲವೂ ಲೇಖಕನಿಂದಲೇ. ಪುಸ್ತಕಗಳನ್ನು ಬರೆದದ್ದಲ್ಲದೆ ಅವುಗಳ ಮುಖಪುಟವನ್ನೂ ಚಿತ್ರಿಸಿ, ತಾವೇ ಪ್ರಕಟಿಸಿಯೂ ನೋಡಿದ ಶಿವರಾಮ ಕಾರಂತರು ಈ ವಿಭಕ್ತಿಯ ಪರಮ ನಿದರ್ಶನ.

ಚತುರ್ಥೀ: ಸಂಪ್ರದಾನ. ಸಂಭಾವನೆಯ ಬದಲು ಲೇಖಕನಿಗೆ ಪ್ರತಿಗಳೇ ಸಲ್ಲುತ್ತವೆ. ಅವುಗಳಲ್ಲಿ ಎರಡನ್ನು ವಿಮರ್ಶೆಗೆಂದು ಪತ್ರಿಕೆಗೆ ಕಳಿಸಿದರೆ 'ಸಾದರ ಸ್ವೀಕಾರ'ದ ಕೆಳಗೆ ಹೆಸರು, ಪುಟ, ಬೆಲೆ ಅಚ್ಚಾಗುತ್ತವೆ. ಇಷ್ಟನ್ನೇ ವಿಮರ್ಶೆಯೆಂದು ಭಾವಿಸಿಕೊಳ್ಳುವುದು ಶಿಷ್ಟಸಮ್ಮತ.

ಪಂಚಮೀ: ಅಪಾದಾನ, ಎಂದರೆ ಅಗಲಿಕೆ. ಹೊಸಗನ್ನಡದಲ್ಲಿ ಇದು ತೃತೀಯೆಯಲ್ಲೇ ಅಡಗಿದೆಯೆಂದು ವಾದಿಸುವವರುಂಟು. ಅಂಥವರು ಯಾವ ಲೇಖಕನೊಂದಿಗೂ ಒಂದೇ ವಾಟ್ಸಾಪ್ ಗುಂಪಿನಲ್ಲಿ ಇದ್ದವರಲ್ಲ. ಮುಖಪುಟ ಮೂರನೆಯ ಸಲ ಬಂದು ಬಿದ್ದೊಡನೆ ಲೇಖಕನ ದೆಸೆಯಿಂದ ಬಂಧುಗಳು ಅಗಲುವರು.

ಷಷ್ಠೀ: ಸಂಬಂಧ. ಲೇಖಕನ ಹೆಂಡತಿ, ಲೇಖಕನ ಭಾವಮೈದುನ, ಲೇಖಕನ ಆಫೀಸಿನವರು. ಕುರ್ಚಿ ತುಂಬುವುದು ಈ ವಿಭಕ್ತಿಯ ಬಲದಿಂದ.

ಸಪ್ತಮೀ: ಅಧಿಕರಣ. ಉಳಿದ ಪ್ರತಿಗಳು ಲೇಖಕನಲ್ಲಿ, ವಿಶೇಷವಾಗಿ ಅವನ ಮಂಚದಡಿಯಲ್ಲಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪಟ್ಟಿ ಹೊರಬೀಳುವವರೆಗೆ ನೆಲೆಸುತ್ತವೆ. ಅಲ್ಲಿ ದರ ಪುಟದ ಲೆಕ್ಕದಲ್ಲಿ. ಆದ್ದರಿಂದ ಮಿತಭಾಷಿಯಾದ ಕವಿಗೆ ನಷ್ಟ, ಕಾದಂಬರಿಯಲ್ಲಿ ಮಳೆ ಸುರಿಸಿದವನಿಗೆ ಲಾಭ.

ಸಂಬೋಧನಾ: "ಸಾರ್, ನನಗೊಂದು ಕಾಪಿ ಇಲ್ಲವೇ?" ಇದರಲ್ಲಿ ಬೆಲೆಯ ಪ್ರಸ್ತಾಪ ನಿಷಿದ್ಧ.

ಅಪವಾದ: ಗಳಗನಾಥರು (1869–1942). ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ತಿರುಗಿ ಮಾರಿದವರು. ಶಾಲಿಲ್ಲ, ಅಧ್ಯಕ್ಷತೆಯಿಲ್ಲ. ಎದುರಿಗಿದ್ದವನು ಭಾವಮೈದುನನೂ ಅಲ್ಲ, ಗುರುತಿಲ್ಲದ ಓದುಗ. ಹೊರೆ ಹೊತ್ತೂ ಅವರು ಕರ್ತೃವಾಗಿಯೇ ಉಳಿದದ್ದು ಅದರಿಂದ.

ಇದರಿಂದ ಸಿದ್ಧವಾಗುವ ಸೂತ್ರ: ಅಪರಿಚಿತನೊಬ್ಬನು ಹಣ ಕೊಟ್ಟು ಕೊಂಡಲ್ಲಿ ಲೇಖಕನಿಗೆ ಪ್ರಥಮಾ ವಿಭಕ್ತಿಯು ಮರಳಿ ಬರುವುದು. ಈ ಸೂತ್ರಕ್ಕೆ ಪ್ರಯೋಗ ವಿರಳ. ಕಂಡವರು ರಸೀದಿಯ ಸಹಿತ ತಿಳಿಸಿದರೆ ಎರಡನೆಯ ಮುದ್ರಣದಲ್ಲಿ ಸೇರಿಸಿಕೊಳ್ಳಲಾಗುವುದು, ಎರಡನೆಯ ಮುದ್ರಣವಾದಲ್ಲಿ.