ಓಡದಿದ್ದರೇ ಬೆಲೆ

ನಮ್ಮೂರಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಬ್ರೋಕರ್ ಬಾಯಲ್ಲಿ ಸದಾ ಒಂದೇ ಮಂತ್ರ: "ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ ಗಾಡಿ." ಟ್ರ್ಯಾಕಿಗೆಂದೇ ಮಾಡಿದ ಕಾರುಗಳನ್ನು ಮಾರುವ ಯುರೋಪಿನ ದಲ್ಲಾಳಿ ಇನ್ನೂ ಒಂದು ಕೈ ಮೇಲು. ಅವನ ಗಾಡಿಯನ್ನು ಯಾರೂ ಓಡಿಸಿಯೇ ಇರುವುದಿಲ್ಲ.

ಈ ವ್ಯಾಪಾರಕ್ಕೆ ಘನತೆ ತಂದುಕೊಟ್ಟದ್ದು 2005ರ ಫೆರಾರಿ ಎಫ್‌ಎಕ್ಸ್‌ಎಕ್ಸ್. ಬೆಲೆ ಸುಮಾರು 15 ಲಕ್ಷ ಯೂರೊ. ನಂಬರ್ ಪ್ಲೇಟ್ ಸಿಗದು, ಹಾಗಾಗಿ ರಸ್ತೆಗೆ ಸಲ್ಲದು. ಯಾವ ಸ್ಪರ್ಧೆಯ ನಿಯಮಕ್ಕೂ ಒಗ್ಗದು, ಹಾಗಾಗಿ ರೇಸಿಗೂ ಸಲ್ಲದು. ಕೊಳ್ಳುವವರನ್ನು ಕಂಪನಿಯೇ ಆರಿಸಿ, 'ಪರೀಕ್ಷಾ ಚಾಲಕ' ಎಂಬ ಬಿರುದು ಕೊಟ್ಟು, ಅವರು ಓಡಿಸಿದಾಗ ಸಿಕ್ಕ ಮಾಹಿತಿಯನ್ನೆಲ್ಲ ತಾನೇ ಇಟ್ಟುಕೊಂಡಿತು. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸಕ್ಕೆ ಕೆಲಸಗಾರನಿಂದಲೇ ದುಡ್ಡು ಕಿತ್ತ ಈ ಜಾಣತನಕ್ಕೆ ನನ್ನದೊಂದು ನಮಸ್ಕಾರ. ಮಾರನೆಲ್ಲೊದ ಕಾರ್ಖಾನೆಯಲ್ಲೇ ಗಾಡಿ ಬಿಟ್ಟು, ಕರೆದಾಗ ಹೋಗಿ ಓಡಿಸಿ ಬಂದ ಮಾಲೀಕರೂ ಉಂಟು.

ಇಂಥದ್ದನ್ನು ಎರಡನೇ ಕೈಗೆ ಮಾರುವಾಗ ಬೆಲೆ ಕಟ್ಟುವುದು ಹೇಗೆ? ಬಡ ಬಂಧುಗಳ ಲೆಕ್ಕ ಸರಳ. ಇಂಗ್ಲೆಂಡಿನ ರ‍್ಯಾಡಿಕಲ್ ಎಸ್‌ಆರ್3 ಗಾಡಿಗೆ ಸುಜುಕಿ ಹಯಾಬುಸಾ ಬೈಕಿನ ಇಂಜಿನ್. ಅಲ್ಲಿ ಕಿಲೋಮೀಟರ್ ಯಾರೂ ಕೇಳುವುದಿಲ್ಲ. ಇಂಜಿನ್ ಬಿಚ್ಚಿ ಕಟ್ಟಿ ಎಷ್ಟು ಗಂಟೆ ಆಯಿತು, ಬಿಲ್ ಎಲ್ಲಿ, ಇಷ್ಟೇ ಪ್ರಶ್ನೆ. ಬಲ್ಲವನು ಬಾಗಿ ಸೀಟಿನ ಬೆಲ್ಟಿಗೆ ಹೊಲಿದ ಪುಟ್ಟ ಚೀಟಿ ನೋಡುತ್ತಾನೆ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ನಿಯಮದಂತೆ ಆ ಬೆಲ್ಟಿನ ಆಯಸ್ಸು ಐದು ವರ್ಷ. ಪೆಟ್ರೋಲ್ ಟ್ಯಾಂಕಿನೊಳಗಿನ ರಬ್ಬರ್ ಚೀಲದ್ದೂ ಹೆಚ್ಚುಕಡಿಮೆ ಅಷ್ಟೇ. ಗಾಡಿ ಓಡಿದರೂ ಅಷ್ಟೇ, ಹೊದಿಕೆಯಡಿ ಮಲಗಿದ್ದರೂ ಅಷ್ಟೇ. ಟೈರ್ ನಿಂತಲ್ಲೇ ಗಟ್ಟಿಯಾಗುತ್ತದೆ, ಸೀಲು ಒಣಗುತ್ತದೆ.

ಅಂದರೆ ಹತ್ತು ವರ್ಷ ಮುಟ್ಟದೆ ಇಟ್ಟ ಗಾಡಿಯನ್ನು ಟ್ರ್ಯಾಕಿಗಿಳಿಸುವ ಮುನ್ನ ದೊಡ್ಡ ಗಂಟೇ ಬಿಚ್ಚಬೇಕು. ಮೂತಿಯ ತುಂಬ ಕಲ್ಲೇಟಿನ ಗುರುತು, ಕಡತದ ತುಂಬ ಬಿಲ್ಲು ಇರುವ ಗಾಡಿ ನಾಳೆಯೇ ಓಡೀತು. ಆದರೆ ಕೋಟಿಗಳ ಮಟ್ಟದಲ್ಲಿ ಎರಡನೆಯದಕ್ಕೆ "ಬಳಸಿದ್ದು" ಎಂದು ಮೂಗು ಮುರಿಯುತ್ತಾರೆ, ಮೊದಲನೆಯದಕ್ಕೆ "ಅಪರೂಪ" ಎಂದು ಮುಗಿಬೀಳುತ್ತಾರೆ. ಕೊಂಡವನೂ ಓಡಿಸುವುದಿಲ್ಲ. ಓಡಿಸಿದರೆ ಮುಂದಿನ ಗಿರಾಕಿ ಬೆಲೆ ಇಳಿಸುತ್ತಾನಲ್ಲ!

ಇಷ್ಟಕ್ಕೇ ತೃಪ್ತಿಯಿಲ್ಲದವರಿಗೆ ಮತ್ತೊಂದು ದಾರಿಯಿದೆ. ಆಸ್ಟನ್ ಮಾರ್ಟಿನ್ ಕಂಪನಿ ವಲ್ಕನ್ ಎಂಬ 24 ಕಾರುಗಳನ್ನಷ್ಟೇ ಮಾಡಿತು: ಏಳು ಲೀಟರ್, 12 ಸಿಲಿಂಡರ್, 800 ದಾಟಿದ ಅಶ್ವಶಕ್ತಿ, ಟ್ರ್ಯಾಕಿಗೆ ಮಾತ್ರ. ಅದರಲ್ಲೊಂದನ್ನು ಇಂಗ್ಲೆಂಡಿನ ಆರ್‌ಎಂಎಲ್ ಸಂಸ್ಥೆಯವರು ರಸ್ತೆಗೆ ಒಗ್ಗಿಸಿದರು. ಮೆಕ್‌ಲಾರೆನ್ ಪಿ1 ಜಿಟಿಆರ್‌ಗೆ ಲ್ಯಾನ್‌ಜಾಂಟೆಯವರು ಇದೇ ಸೇವೆ ಮಾಡಿದ್ದಾರೆ. ರಸ್ತೆಗೆ ಸಲ್ಲದ್ದೆಂದು ಕೋಟಿಗಟ್ಟಲೆ ಕೊಟ್ಟು ಕೊಳ್ಳುವುದು, ಆಮೇಲೆ ರಸ್ತೆಗೆ ಸಲ್ಲಿಸಲು ಮತ್ತೆ ಕೊಡುವುದು. ಲಂಡನ್ನಿನ ಬಹುಪಾಲು ಬೀದಿಗಳಲ್ಲಿ ವೇಗಮಿತಿ ಗಂಟೆಗೆ 20 ಮೈಲಿ. ಅಲ್ಲಿ ಸೈಕಲ್ಲಿನ ಹುಡುಗ ಹಿಂದೆ ಹಾಕಿ ಹೋದರೂ ಮಾಲೀಕನಿಗೆ ಬೇಸರವಿಲ್ಲ. ಮೀಟರ್ ನಿಧಾನ ಓಡಿದಷ್ಟೂ ಅವನಿಗೆ ಲಾಭವೇ.