ಮುತ್ತು ಎಣಿಸಲು ಹೋದವನು

ಅಕ್ಕನ ಫೋನು ಬಂದಾಗ ಹಲ್ಲುಜ್ಜುತ್ತಿದ್ದೆ. “ಅದೇನೋ ಕೊರಿಯಾದ ಡಾಕ್ಟರುಗಳ ಧಾರಾವಾಹಿ ನೋಡ್ತಿದಾಳೆ ಕಣೋ ಇವಳು. ಲವ್ ಸ್ಟೋರಿ ಬೇರೆ. ಈ ವಯಸ್ಸಿನವರು ನೋಡಬಹುದಾ ಅಂತ ನೀನೊಂದ್ಸಲ ನೋಡಿ ಹೇಳು.” ಅಕ್ಕನ ಮಗಳಿಗೆ ಹದಿನಾರು. ಮೊದಲ ಪಿಯುಸಿ, ಜೊತೆಗೆ ನೀಟ್ ಕೋಚಿಂಗ್. ಸೋದರಮಾವನೆಂದರೆ ಮದುವೆಯ ದಿನ ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಅಂದುಕೊಂಡಿದ್ದೆ. ಸೆನ್ಸಾರ್ ಮಂಡಳಿಯ ಅಧ್ಯಕ್ಷಗಿರಿಯೂ ಅವನದೇ ಎಂದು ಅವತ್ತು ತಿಳಿಯಿತು.

ಧಾರಾವಾಹಿಯ ಹೆಸರು ‘ಡಾಕ್ಟರ್ ಸ್ಲಂಪ್’. 2024ರ ಜನವರಿಯಿಂದ ಮಾರ್ಚ್‌ವರೆಗೆ ಕೊರಿಯಾದ ಜೆಟಿಬಿಸಿ ವಾಹಿನಿಯಲ್ಲಿ ಬಂದದ್ದು, 16 ಕಂತು. ನಮಗೆ ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತದೆ. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಮುತ್ತು, ಮದ್ಯ, ರಕ್ತ ಎಂದು ಮೂರು ಕಾಲಂ ಮಾಡಿಕೊಂಡು ಕೂತೆ.

ರಕ್ತದ ಕಾಲಂ ಬೇಗ ಮುಗಿಯಿತು. ನಾಯಕ ಜಂಗ್‌ವೂ ಪ್ಲಾಸ್ಟಿಕ್ ಸರ್ಜನ್; ಶಸ್ತ್ರಚಿಕಿತ್ಸೆಯಲ್ಲಿ ರೋಗಿಯೊಬ್ಬರು ತೀರಿಕೊಂಡು ಕೇಸು, ಸಾಲ, ಮಾನಹಾನಿ ಎಲ್ಲ ಒಟ್ಟಿಗೇ ಅವನ ತಲೆಮೇಲೆ ಬೀಳುತ್ತವೆ. ಮದ್ಯದ ಕಾಲಂ ಮಾತ್ರ ತುಂಬಿ ಚೆಲ್ಲಿತು. ಆ ದೇಶದ ಟೀವಿಯವರಿಗೆ ಸಿಗರೇಟು ಕಂಡರಾಗದು, ಮಸುಕು ಮಾಡಿಬಿಡುತ್ತಾರೆ. ಕೆಲವು ಸಲ ಚಾಕುವಿಗೂ ಅದೇ ಗತಿ. ಹಸಿರು ಸೀಸೆಯ ಸೋಜುವಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ನಮ್ಮಲ್ಲಿ ರಾಮನವಮಿಯ ಮಜ್ಜಿಗೆಯ ಹಾಗೆ ಹರಿಯುತ್ತದೆ.

ಅಕ್ಕನಿಗೆ ಭಯವಿದ್ದದ್ದು ಮುತ್ತಿನದು. ಕಾದೆ, ಕಂತುಗಟ್ಟಲೆ ಕಾದೆ. ನಾಯಕ, ನಾಯಕಿ ಇಬ್ಬರೂ ಮಾಳಿಗೆಯ ಮೇಲೆ ಕೂರುತ್ತಾರೆ, ಕುಡಿಯುತ್ತಾರೆ, ಅಳುತ್ತಾರೆ, ಎದ್ದು ಹೋಗುತ್ತಾರೆ. ಕೊನೆಗೊಮ್ಮೆ ಮುತ್ತು ಬಂದಾಗ ‘ಸದ್ಯ!’ ಅಂದ ಖುಷಿಯಲ್ಲಿ ಅದನ್ನು ಬರೆದುಕೊಳ್ಳುವುದೇ ಮರೆತುಹೋಯಿತು. ಅಂದಹಾಗೆ, ಕೊರಿಯಾದ ಹುಡುಗಿ ತನಗಿಂತ ದೊಡ್ಡವನಾದ ಪ್ರಿಯಕರನನ್ನು ‘ಒಪ್ಪಾ’ ಎನ್ನುತ್ತಾಳೆ. ಅಂದರೆ ಅಣ್ಣ. ಅದೇ ಒಂದು ಪದಕ್ಕೆ ನಮ್ಮ ಕಾಲೇಜಿನಲ್ಲಿ ಎಷ್ಟು ಪ್ರೇಮಗಳು ಮಣ್ಣುಪಾಲಾಗಿದ್ದವು!

ನಿಜವಾದ ತಕರಾರು ಸಿಕ್ಕಿದ್ದು ಬೇರೆ ಕಡೆ. ನಾಯಕಿ ಹಾನುಲ್ ಅರಿವಳಿಕೆ ತಜ್ಞೆ. ಓದುವಾಗ ಇವಳಿಗೂ ಜಂಗ್‌ವೂಗೂ ಮೊದಲ ರ‍್ಯಾಂಕಿಗಾಗಿ ಹಾವು ಮುಂಗುಸಿ ಜಗಳ. ಅಲ್ಲಿಯ ‘ಸುನುಂಗ್’ ಪ್ರವೇಶ ಪರೀಕ್ಷೆ ಸಾಮಾನ್ಯದ್ದಲ್ಲ. ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಹೊತ್ತಿನಲ್ಲಿ ವಿಮಾನಗಳೇ ಇಳಿಯುವಂತಿಲ್ಲ, ಏಳುವಂತಿಲ್ಲ. (ಅಕ್ಕ ಇನ್ನೂ ಕುಕ್ಕರಿನ ಸೀಟಿ ನಿಲ್ಲಿಸುವವರೆಗೆ ಮಾತ್ರ ಬಂದಿದ್ದಾಳೆ.) ಹಾಗೆ ಓದಿ, ಡಾಕ್ಟರಾಗಿ, ಹಗಲಿರುಳು ದುಡಿದ ಹುಡುಗಿಗೆ ಖಿನ್ನತೆ ಎಂದು ಗೊತ್ತಾಗುತ್ತದೆ. ಆಸ್ಪತ್ರೆಗೆ ರಾಜೀನಾಮೆ ಬಿಸಾಕುತ್ತಾಳೆ. ಸುದ್ದಿ ಕೇಳಿದ ತಾಯಿ ತಲೆ ಸವರುತ್ತಾಳೆ ಅಂದುಕೊಂಡರೆ, ಮೊದಲು ರೇಗುತ್ತಾಳೆ. ಆ ಮನೆಯಲ್ಲೂ ಒಬ್ಬ ಸೋದರಮಾವ ಇದ್ದಾನೆ. ಅವನ ಅಧಿಕಾರವೂ ನನ್ನಷ್ಟೇ.

ಅಲ್ಲಿ ಪೆನ್ನು ಕೆಳಗಿಟ್ಟೆ. ಎರಡು ವರ್ಷದ ಕೋಚಿಂಗ್ ಫೀಸು ಒಟ್ಟಿಗೇ ಕಟ್ಟಿದ ಮನೆಯಲ್ಲಿ ನೂರು ಮುತ್ತಿಗಿಂತ ಅಪಾಯದ ದೃಶ್ಯ ಇದು. ಮೊದಲ ರ‍್ಯಾಂಕಿನವಳೂ ಸುಸ್ತಾಗಿ ಕೂತುಬಿಡಬಹುದು ಎಂಬುದನ್ನು ಯಾವ ಕಾಲಂಗೆ ಹಾಕಲಿ? ವಯಸ್ಸಿನ ಮಿತಿಗೆಂದು ಕೊರಿಯಾದಲ್ಲಿ ಇದರ ಪರದೆಯ ಮೂಲೆಯಲ್ಲಿ 15 ಎಂಬ ಅಂಕಿ ಇಡುತ್ತಾರೆ. ನಮ್ಮ ಒಟಿಟಿಗಳಿಗೆ 2021ರ ನಿಯಮದಂತೆ 7, 13, 16 ಎಂಬ ಮೆಟ್ಟಿಲುಗಳಿವೆ. ಎಲ್ಲವೂ ಚಿಕ್ಕವರನ್ನು ತಡೆಯುವ ಬಾಗಿಲುಗಳೇ. ಇಷ್ಟು ವಯಸ್ಸು ದಾಟಿದವರು ಒಬ್ಬರೇ ನೋಡಕೂಡದು ಎಂಬ ನಿಯಮ ಯಾರಿಗೂ ಹೊಳೆದಿಲ್ಲ.

“ಅವಳು ಧಾರಾಳವಾಗಿ ನೋಡಲಿ,” ಎಂದು ಅಕ್ಕನಿಗೆ ತೀರ್ಪು ಕೊಟ್ಟೆ. “ನೀನು ನೋಡೋದಾದ್ರೆ ಮಾತ್ರ ಅವಳನ್ನ ಪಕ್ಕದಲ್ಲಿ ಕೂರಿಸ್ಕೋ.”

“ಹೋಗೋ,” ಅಂದಳು.

ಎರಡು ದಿನ ಬಿಟ್ಟು ಮತ್ತೆ ಫೋನು. ಗಂಟಲು ಕಟ್ಟಿತ್ತು. “ಆ ಅಮ್ಮ ಹಾಗೆ ರೇಗಬಾರದಿತ್ತು ಕಣೋ. ಪಾಪ, ಎಷ್ಟು ಓದಿತ್ತು ಕೂಸು...” ನಾನು ಹೂಂಗುಟ್ಟುವಷ್ಟರಲ್ಲಿ ಅದೇ ಗಂಟಲು ಆ ಕಡೆಗೆ ತಿರುಗಿ ಗುಡುಗಿತು: “ಏಯ್, ಆಫ್ ಮಾಡೇ ಅದನ್ನ! ಫಿಸಿಕ್ಸ್ ಕ್ಲಾಸಿಗೆ ಹೊತ್ತಾಯ್ತು!”